ಡಿಸ್ಕೊ ತಾಳಕ್ಕೆ ಹತ್ತು ರಾಗ

ಭೈರವಿಯಿಂದ ಬೈರಾಗಿಯವರೆಗೆ ಹತ್ತು ರಾಗಗಳು. ತಬಲಾ ಇಲ್ಲ, ತಂಬೂರಿ ಇಲ್ಲ, ಇರುವುದೆಲ್ಲ ಯಂತ್ರಗಳೇ. ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಈ ಎಲ್‌ಪಿಯನ್ನು 1982ರಲ್ಲಿ ನುಡಿಸಿದವರು ಚರಣ್‌ಜಿತ್ ಸಿಂಗ್. ಮುಂಬೈಯಲ್ಲಿ ಹಿಂದಿ ಚಿತ್ರಗೀತೆಗಳಿಗೆ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ಕಲಾವಿದ. ಆಗ ದೇಶಕ್ಕೆಲ್ಲ ಡಿಸ್ಕೊ ಜ್ವರ. ಅದನ್ನು ಹಬ್ಬಿಸಿದ್ದು 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’. ಅದಕ್ಕೆ ರಾಗ ಹಾಕಿದ ಬಿದ್ದು, ಕೊಡಗು ಮೂಲದ ನಮ್ಮ ಬೆಂಗಳೂರಿನವರು. ಇಷ್ಟಾದರೂ ಸಿಂಗ್ ಅವರ ರೆಕಾರ್ಡ್ ಮಾತ್ರ ಓಡಲಿಲ್ಲ.

ಅವರ ಬಳಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳಿದ್ದವು. ಜುಪಿಟರ್-8ರಲ್ಲಿ ರಾಗ, ಟಿಆರ್-808ರಲ್ಲಿ ತಾಳ. ಮೂರನೆಯದು ಟಿಬಿ-303, ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ. ಒಂಟಿಯಾಗಿ ನುಡಿಸುವ ಗಿಟಾರ್ ವಾದಕರಿಗೆ ಬೇಸ್ ಒದಗಿಸಲೆಂದು ಮಾಡಿದ್ದು. ಅದರ ದನಿ ಬೇಸ್ ಗಿಟಾರ್‌ನಂತೆ ಕೇಳಿಸಲೇ ಇಲ್ಲ. 1984ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಆದರೆ ಅದರಲ್ಲೊಂದು ‘ಸ್ಲೈಡ್’ ಇತ್ತು: ಒಂದು ಸ್ವರ ಮುಂದಿನದಕ್ಕೆ ನೆಗೆಯದೆ ಜಾರಿಕೊಂಡು ಹೋಗುತ್ತದೆ. ಹಿಂದೂಸ್ತಾನಿ ಸಂಗೀತದ ಮೀಂಡ್ ಎಂಬ ಈ ಜಾರುವಿಕೆಯನ್ನು ಕೇಳಿ ಬೆಳೆದ ಕಿವಿಗೆ ಅದು ಹೊಸದಲ್ಲ.

ಅತ್ತ ಷಿಕಾಗೊದಲ್ಲಿ ಡಿಸ್ಕೊ ಅವಮಾನ ಉಂಡಿತ್ತು. 1979ರ ಜುಲೈ 12ರಂದು ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡ್‌ಗಳ ರಾಶಿಯನ್ನೇ ಸ್ಫೋಟಿಸಿದರು. ಕಪ್ಪು ಜನರ, ಸಲಿಂಗಿಗಳ ಕ್ಲಬ್‌ಗಳು ಮಾತ್ರ ಅದನ್ನು ಕೈಬಿಡಲಿಲ್ಲ. ಅಲ್ಲೇ ಹೌಸ್ ಸಂಗೀತ ಹುಟ್ಟಿತು. ಫ್ಯೂಚರ್ ತಂಡದ ಹುಡುಗರು ಯಾರಿಗೂ ಬೇಡವಾಗಿದ್ದ 303ರ ಗುಂಡಿಗಳನ್ನು, ಸ್ವರಸಾಲು ಸುತ್ತುತ್ತಿರುವಾಗಲೇ ತಿರುಗಿಸುತ್ತಾ ಹೋದರು. ಚೀರುವ, ಗುಳುಗುಳಿಸುವ ಆ ದನಿಯೇ 1987ರ ‘ಆ್ಯಸಿಡ್ ಟ್ರ್ಯಾಕ್ಸ್’ ರೆಕಾರ್ಡ್. ಇಂದಿಗೂ ಸಣ್ಣ ಲೇಬಲ್‌ಗಳು ಹೊರತರುವ ಆ್ಯಸಿಡ್ ಹೌಸ್ ಎಂಬ ಪ್ರಕಾರದ ರೆಕಾರ್ಡ್‌ಗಳ ಜೀವ ಆ ದನಿಯಲ್ಲಿದೆ.

2010ರಲ್ಲಿ ನೆದರ್ಲೆಂಡ್ಸ್‌ನ ಬಾಂಬೆ ಕನೆಕ್ಷನ್ ಲೇಬಲ್ ಸಿಂಗ್ ಅವರ ರೆಕಾರ್ಡನ್ನು ಮರುಬಿಡುಗಡೆ ಮಾಡಿದಾಗ, ಆ್ಯಸಿಡ್ ಹುಟ್ಟಿದ್ದು ಮುಂಬೈಯಲ್ಲೇ ಎಂಬ ಸುದ್ದಿ ಹಬ್ಬಿತು. ನಾನದನ್ನು ಒಪ್ಪುವುದಿಲ್ಲ. ಷಿಕಾಗೊದವರು ಸ್ವರಗಳನ್ನು ಕದಲಿಸದೆ ದನಿಯ ಬಣ್ಣ ಬದಲಿಸಿದರು. ಸಿಂಗ್ ರಾಗವನ್ನು ಬೆಳೆಸಿದರು. ‘ಮೊದಲಿಗ’ ಎಂಬ ಪಟ್ಟ ಅವರ ರಾಗದ ಕೆಲಸವನ್ನೇ ಮರೆಮಾಡುತ್ತದೆ. ಮುಪ್ಪಿನಲ್ಲಿ ಯುರೋಪಿನ ವೇದಿಕೆಗಳಲ್ಲೂ ಈ ರಾಗಗಳನ್ನು ನುಡಿಸಿ ಅವರು 2015ರಲ್ಲಿ ತೀರಿಕೊಂಡರು.

ಕರ್ನಾಟಕ ಸಂಗೀತದ ಕೇಳುಗರು ಭೂಪಾಲಿಯಿಂದ ಶುರು ಮಾಡಬಹುದು, ಅದು ನಮ್ಮ ಮೋಹನವೇ. ಆಮೇಲೆ ಮಾಲ್‌ಕೌಂಸ್, ಅಂದರೆ ಹಿಂದೋಳ. ಕೇಳುವಾಗ ಇಯರ್‌ಫೋನ್ ಬೇಡ, ದೊಡ್ಡ ಸ್ಪೀಕರ್ ಇರಲಿ.