ಒಂದೇ ಊರು, ಮೂರು ಸಾಲು: ಜಿಟಿಎ ಗೇಮಿನ ಸೇರ್ಪಡೆ ಕತೆಗಳು

ಕೊಳತ್ತೂರು: ಮೆಟ್ಟೂರಿನಿಂದ ಕೊಳತ್ತೂರು, ಗೋವಿಂದಪಾಡಿ, ಪಾಲಾರ್ ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಹಳ್ಳಿಗಳಲ್ಲಿ ‘ಸಾಲು’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಕೂತರೆ ಮಾದಪ್ಪನ ಕತೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದಿಲ್ಲ. ಸಂಕಮ್ಮನ ಸಾಲು ಬೇರೆ, ಬೇವಿನಹಟ್ಟಿ ಕಾಳಮ್ಮನ ಸಾಲು ಬೇರೆ, ಜುಂಜೇಗೌಡನ ಸಾಲು ಬೇರೆ. ಬೆಟ್ಟ ಅದೇ, ಮಾದಪ್ಪ ಅವನೇ, ಆದರೆ ಸಂಕಮ್ಮನ ಸಾಲಿನಲ್ಲಿ ಕೇಳುವವರ ಕರುಳೆಲ್ಲ ಗಂಡನ ಕೈಯಲ್ಲಿ ನರಳುವ ಸೋಲಿಗರ ಹೆಣ್ಣಿನ ಕಡೆಗೇ.

ಕಂಪ್ಯೂಟರ್ ಗೇಮುಗಳ ಲೋಕದಲ್ಲಿ ಇಂಥ ಬಿಡಿ ಸಾಲಿಗೆ ‘ಎಕ್ಸ್‌ಪಾನ್ಶನ್’ ಎನ್ನುತ್ತಾರೆ. ಸೇರ್ಪಡೆ ಕತೆ ಎನ್ನೋಣ. ತಮಿಳಿನ ಕಿಳೈಕ್ಕದೈ ಎಂದರೂ ನಡೆದೀತು. ಹೋಲಿಕೆ ಕತೆ ಕಟ್ಟುವ ಬಗೆಗಷ್ಟೇ, ಭಕ್ತರು ಬೇಸರ ಮಾಡಿಕೊಳ್ಳಬಾರದು. ಯಾಕೆಂದರೆ ಇಲ್ಲಿ ಹೇಳಹೊರಟಿರುವುದು ಕಳ್ಳರು, ಕೊಲೆಗಾರರು ತುಂಬಿದ ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಜಿಟಿಎ ಗೇಮಿನ ವಿಷಯ.

ಇಂಟರ್‌ನೆಟ್ ಸೆಂಟರಿನಲ್ಲಿ ಗಂಟೆ ಲೆಕ್ಕಕ್ಕೆ ಕಾಸು ಕೊಟ್ಟು ‘ವೈಸ್ ಸಿಟಿ’ ಆಡಿದವರಿಗೆ ಈ ಗೇಮಿನ ಪರಿಚಯ ಇದ್ದೇ ಇದೆ. ಇಡೀ ಒಂದು ಪಟ್ಟಣ ಕಣ್ಣ ಮುಂದೆ ಬಿಚ್ಚಿಕೊಂಡಿರುತ್ತದೆ. ಕತೆಯ ಪ್ರಕಾರ ಹೋಗಬಹುದು, ಇಲ್ಲವೇ ಸುಮ್ಮನೆ ಕಾರು ಹತ್ತಿ ಬೀದಿ ಸುತ್ತಬಹುದು. ಇದರ ಸೇರ್ಪಡೆ ಕತೆಗಳು ಶುರುವಾದದ್ದು 1999ರಲ್ಲಿ. ಮೊದಲ ಜಿಟಿಎಗೆ ‘ಲಂಡನ್ 1969’ ಎಂಬುದನ್ನು ಹೊರತಂದರು, ಅದನ್ನು ಆಡಲು ಮೂಲ ಗೇಮಿನ ಸಿ.ಡಿ. ಕೈಯಲ್ಲಿರಲೇಬೇಕಿತ್ತು. ಆದರೆ ಸಾಲು ಎಂಬ ಮಾತಿಗೆ ತಕ್ಕ ಕತೆಗಳು ಬಂದದ್ದು ನಾಲ್ಕನೇ ಜಿಟಿಎಯಲ್ಲಿ.

2008ರ ಏಪ್ರಿಲ್ 29ರಂದು ಬಂದ ಆ ಗೇಮಿನ ಊರು ಲಿಬರ್ಟಿ ಸಿಟಿ, ನ್ಯೂಯಾರ್ಕಿನ ಪಡಿಯಚ್ಚು. ನಾಯಕ ನಿಕೊ ಬೆಲ್ಲಿಕ್, ಯುದ್ಧ ಕಂಡು ಬಂದವನು, ಹಡಗಿನಲ್ಲಿ ಅಮೆರಿಕಕ್ಕೆ ಇಳಿದವನು. 2009ರ ಫೆಬ್ರವರಿಯಲ್ಲಿ ಮೊದಲ ಸೇರ್ಪಡೆ ‘ದಿ ಲಾಸ್ಟ್ ಆ್ಯಂಡ್ ಡ್ಯಾಮ್ಡ್’ ಬಂತು. ಇದರ ನಾಯಕ ಬೈಕ್ ಗ್ಯಾಂಗೊಂದರ ಎರಡನೇ ಆಳು ಜಾನಿ ಕ್ಲೆಬಿಟ್ಜ್. ಅದೇ ಅಕ್ಟೋಬರಿನಲ್ಲಿ ಬಂದ ‘ದಿ ಬ್ಯಾಲಡ್ ಆಫ್ ಗೇ ಟೋನಿ’ಯಲ್ಲಿ ನಾಯಕ ಲೂಯಿಸ್ ಲೋಪೆಜ್. ನೈಟ್‌ಕ್ಲಬ್ ನಡೆಸುವ ಟೋನಿ ಎಂಬವನ ಬಲಗೈ ಬಂಟ.

ಊರು ಅದೇ, ದಿನಗಳೂ ಅವೇ. ನಿಕೊ ಕತೆಯಲ್ಲಿ ಒಂದು ಬ್ಯಾಂಕ್ ದರೋಡೆ ಇದೆ. ಆಡುವವನ ಕೈಯಲ್ಲಿ ಬಂದೂಕು. ಕೆಳಗೆ ಬಿದ್ದುಕೊಂಡ ಗಿರಾಕಿಗಳ ಕಡೆ ಯಾರ ಗಮನ ಹೋದೀತು? ಲೂಯಿಸ್ ಕತೆ ಶುರುವಾಗುವುದೇ ಆ ಬ್ಯಾಂಕಿನ ನೆಲದ ಮೇಲೆ. ಒತ್ತೆಯಾಳಾಗಿ ಬಿದ್ದವರಲ್ಲಿ ಅವನೂ ಒಬ್ಬ.

ವಜ್ರದ ಪೊಟ್ಟಣದ ಕತೆ ಇನ್ನೂ ಸೊಗಸು. ನಿಕೊ ಬಂದಿಳಿದ ಹಡಗಿನಲ್ಲೇ ಕದ್ದ ವಜ್ರಗಳೂ ಬಂದಿರುತ್ತವೆ. ನಿಕೊ ಮತ್ತು ಜಾನಿ ಮ್ಯೂಸಿಯಮ್ಮಿನಲ್ಲಿ ಅವನ್ನು ಮಾರುವಾಗ ಯಾರೋ ಒಬ್ಬ ಗುಂಡು ಹಾರಿಸಿ ವ್ಯಾಪಾರ ಕೆಡಿಸುತ್ತಾನೆ. ಯಾರು ಆ ಪುಣ್ಯಾತ್ಮ? ಮೂರನೇ ಕತೆ ಆಡಿದವರಿಗೇ ಗೊತ್ತು, ಅವನು ಲೂಯಿಸ್. ಇಷ್ಟು ಹೆಣ ಬಿದ್ದ ಮೇಲೆ ಕೊನೆಗೆ ಆ ವಜ್ರ ಸಿಗುವುದು ಕಸದಲ್ಲಿ ಕೈಯಾಡಿಸುವ ಒಬ್ಬ ಮನೆಯಿಲ್ಲದವನಿಗೆ. ಅವನಿಗೆ ಪ್ರತ್ಯೇಕ ಸಾಲು ಇಲ್ಲ, ಒಂದು ಗಳಿಗೆ ಕಾಣಿಸಿ ಮರೆಯಾಗುತ್ತಾನೆ.

ಕಂಪೆನಿಗೆ ಇದರಲ್ಲಿ ಲಾಭವೇನು ಎಂದರೆ, ಊರನ್ನು ಹೊಸದಾಗಿ ಕಟ್ಟಬೇಕಿಲ್ಲ. ರಸ್ತೆ, ಸೇತುವೆ, ಕಟ್ಟಡ ಎಲ್ಲಾ ತಯಾರಿವೆ. ಹೊಸ ಮಾತು, ಹೊಸ ಮಿಷನ್, ಒಂದಿಷ್ಟು ಹೊಸ ಬೈಕು-ಬಂದೂಕು ಸೇರಿಸಿದರೆ ಆಯಿತು. ಆದರೂ ಸಣ್ಣ ವ್ಯಾಪಾರ ಅಲ್ಲ. ಇವೆರಡೂ ಮೊದಲು ತನ್ನ ಎಕ್ಸ್‌ಬಾಕ್ಸಿನಲ್ಲೇ ಬರಲಿ ಎಂದು ಮೈಕ್ರೋಸಾಫ್ಟ್ ಕೊಟ್ಟದ್ದು 5 ಕೋಟಿ ಡಾಲರ್. ಪ್ಲೇಸ್ಟೇಷನ್ ಮತ್ತು ಕಂಪ್ಯೂಟರ್ ಇದ್ದವರು 2010ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಓದಿದ ಮೇಲೆ ಕೊಳತ್ತೂರು ಸೀಮೆಯವರಿಗೆ ಒಂದು ಹೆಸರು ನೆನಪಿಗೆ ಬಾರದೆ ಇರದು. ವೀರಪ್ಪನ್. ಹುಟ್ಟಿದ್ದು ಆಚೆಯ ಗೋಪಿನಾಥಂ, 2004ರ ಅಕ್ಟೋಬರ್ 18ರಂದು ಸತ್ತದ್ದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ, ಮಣ್ಣು ಮಾಡಿದ್ದು ಇಲ್ಲೇ ಮೂಲಕ್ಕಾಡಿನಲ್ಲಿ. ಅವನ ಕತೆಗೂ ಸಾಲು ಮೇಲೆ ಸಾಲು ಬಂದಿವೆ. 2013ರ ‘ಅಟ್ಟಹಾಸ’, 2016ರ ‘ಕಿಲ್ಲಿಂಗ್ ವೀರಪ್ಪನ್’ ಚಿತ್ರಗಳಲ್ಲಿ ಬೇಟೆಯಾಡುವ ಪೊಲೀಸ್ ಅಧಿಕಾರಿಗಳಿದ್ದಾರೆ. ಕಾರ್ಯಾಚರಣೆಯ ಮುಖ್ಯಸ್ಥ ವಿಜಯ್ ಕುಮಾರ್ 2017ರಲ್ಲಿ ತಮ್ಮ ಕಡೆಯ ಕತೆಯನ್ನು ಪುಸ್ತಕವಾಗಿಸಿದರು. 1997ರಲ್ಲಿ 14 ದಿನ ಒತ್ತೆಯಾಳಾಗಿದ್ದ ಕೃಪಾಕರ-ಸೇನಾನಿಯವರ ಪುಸ್ತಕ ಅದೇ ಕಾಡನ್ನು ಬೇರೆ ಕಣ್ಣಿನಿಂದ ತೋರಿಸುತ್ತದೆ. 2000ದಲ್ಲಿ 108 ದಿನ ಸೆರೆಯಲ್ಲಿದ್ದ ಡಾ. ರಾಜ್‌ಕುಮಾರ್ ಅವರದಂತೂ ಕರ್ನಾಟಕದ ಮನೆಮನೆಯ ಕತೆ. 2023ರಲ್ಲಿ ನೆಟ್‌ಫ್ಲಿಕ್ಸಿನಲ್ಲೂ ಸರಣಿ ಬಂತು.

ಇವುಗಳಲ್ಲಿ ಬಹುಪಾಲು ಕತೆಗಳಲ್ಲಿ ಹಳ್ಳಿಯವರು ಜಿಟಿಎಯ ದಾರಿಹೋಕರ ಹಾಗೆ. ಓಡುತ್ತಾರೆ, ಕೂಗುತ್ತಾರೆ, ಬೀಳುತ್ತಾರೆ. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ ಸತ್ತ 22 ಮಂದಿಯಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿ ಮಾತ್ರವಲ್ಲ, ಮಾಹಿತಿ ಕೊಡಲು ಹೊರಟ ಊರಿನವರೂ ಇದ್ದರು. ಆಮೇಲೆ ವಿಶೇಷ ಕಾರ್ಯಪಡೆಯ ಕೈಗೆ ಸಿಕ್ಕು ನರಳಿದವರ ದೂರು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂ. ಪರಿಹಾರ ಕೊಡಲು ಹೇಳಿತು. ಸರಾಸರಿ ಲೆಕ್ಕ ಹಾಕಿದರೆ ತಲೆಗೆ ಮೂರು ಲಕ್ಷ ಚಿಲ್ಲರೆ. ಸಿನಿಮಾದ ಒಂದು ಫೈಟಿಗೆ ಸಾಲದ ದುಡ್ಡು.

ಸೋಲಿಗರ ಕಣ್ಣಿನಿಂದ ಇದನ್ನು ಬರೆದವರು ವಕೀಲ ಸ. ಬಾಲಮುರುಗನ್. 2004ರಲ್ಲಿ ಬಂದ ಅವರ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’. ಎರಡೂ ಭಾಷೆ ಬಲ್ಲ ಗಡಿ ಓದುಗರು ಯಾವ ಸಿನಿಮಾಕ್ಕೂ ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಲು ಇದು. ಇಲ್ಲಿ ಬ್ಯಾಂಕಿನ ನೆಲದ ಮೇಲೆ ಬಿದ್ದವನದೇ ಕತೆ. ಗೇಮಿಗೂ ಊರಿಗೂ ಇರುವ ಒಂದು ವ್ಯತ್ಯಾಸವನ್ನು ಮಾತ್ರ ಮಕ್ಕಳಿಗೆ ಹೇಳಿಕೊಡಬೇಕು. ಲಿಬರ್ಟಿ ಸಿಟಿಯಲ್ಲಿ ಸತ್ತ ದಾರಿಹೋಕನಿಗೆ ಹೆಸರೂ ಇರುವುದಿಲ್ಲ. ಗೋವಿಂದಪಾಡಿಯಲ್ಲಿ ಹಾಗಲ್ಲ.

ಇನ್ನು ಐದನೇ ಜಿಟಿಎ ವಿಷಯ. 2013ರ ಸೆಪ್ಟೆಂಬರಿನಲ್ಲಿ ಬಂದ ಅದರಲ್ಲಿ ಮೂವರು ನಾಯಕರು ಒಂದೇ ಕತೆಯೊಳಗೆ ಇದ್ದಾರೆ. ಮುಂದಿನ ವರ್ಷ ಸೇರ್ಪಡೆ ಕತೆ ತರುತ್ತೇವೆ ಎಂದು ರಾಕ್‌ಸ್ಟಾರ್ ಕಂಪೆನಿ ಹೇಳಿದ್ದೂ ಆಯಿತು. ಅದು ಬರಲೇ ಇಲ್ಲ. ನಾಲ್ಕಾರು ಜನ ಕೂಡಿ ಆಡುವ ಜಿಟಿಎ ಆನ್‌ಲೈನಿನಲ್ಲಿ ದುಡ್ಡು ಹರಿದು ಬರುತ್ತಿರುವಾಗ ಕತೆ ಯಾರಿಗೆ ಬೇಕು? ಹಳೆಯ ಸಾಲಿನ ನಾಯಕ ಜಾನಿಯನ್ನು ಇದರಲ್ಲಿ ತಂದು, ಟ್ರೆವರ್ ಎಂಬವನ ಕಾಲಿನಡಿ ಸಾಯಿಸಿಬಿಟ್ಟರು. ಒಂದು ಇಡೀ ಕತೆ ಜಾನಿಯಾಗಿ ಆಡಿದವರಿಗೆ ಇದು ನುಂಗಲಾರದ ತುತ್ತು.

ಆಡಬೇಕೆಂದಿರುವವರಿಗೆ: 2020ರ ಮಾರ್ಚಿನಲ್ಲಿ ಸ್ಟೀಮ್ ಅಂಗಡಿಗೆ ಮರಳಿ ಬಂದ ನಾಲ್ಕನೇ ಜಿಟಿಎಯ ‘ಕಂಪ್ಲೀಟ್ ಎಡಿಷನ್’ನಲ್ಲಿ ಮೂರೂ ಕತೆಗಳು ಒಟ್ಟಿಗೇ ಇವೆ, ಹಲವರು ಕೂಡಿ ಆಡುವ ಭಾಗವನ್ನು ತೆಗೆದಿದ್ದಾರೆ. ಮೊದಲು ನಿಕೊ, ಆಮೇಲೆ ಜಾನಿ, ಕೊನೆಗೆ ಲೂಯಿಸ್. ಈ ಕ್ರಮ ತಪ್ಪಿದರೆ ವಜ್ರದ ಗುಟ್ಟು ಮೊದಲೇ ಬಯಲು. ರಕ್ತಪಾತ, ಬೈಗುಳ, ನೈಟ್‌ಕ್ಲಬ್ಬಿನ ದೃಶ್ಯಗಳು ಧಾರಾಳ. 18 ತುಂಬಿದವರಿಗೆ ಮಾತ್ರ ಎಂದು ಯುರೋಪಿನಲ್ಲಿ ಡಬ್ಬಿಯ ಮೇಲೇ ಅಚ್ಚು ಹಾಕಿ ಮಾರಿದ ಗೇಮು ಇದು.