ಘಟವೆಂಬ ಗರ್ಭ

ಆಶ್ವಯುಜ ಶುದ್ಧ ಪಾಡ್ಯ. ಮಳೆಗಾಲವು ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಮುಂಡಗೋಡಗಳ ಅನೇಕ ಮನೆಗಳಲ್ಲಿ ಅಂದು ದೇವರ ಮನೆಯ ಒಂದು ಮೂಲೆ ಪುಟ್ಟ ಹೊಲವಾಗಿ ಮಾರ್ಪಡುತ್ತದೆ. ಬುಟ್ಟಿಯಲ್ಲಿಯೋ ಎಲೆಯ ಮೇಲೆಯೋ ಹೊಲದ ಮಣ್ಣನ್ನು ಹರಡಿ, ಗೋಧಿ, ಜೋಳ, ಹೆಸರು ಮೊದಲಾದ ಕಾಳುಗಳನ್ನು ಬಿತ್ತುತ್ತಾರೆ. ನಡುವೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನಿಟ್ಟು, ಅದರ ಬಾಯಿಗೆ ಎಲೆಗಳನ್ನೂ ತೆಂಗಿನಕಾಯಿಯನ್ನೂ ಇರಿಸುತ್ತಾರೆ. ಪಕ್ಕದಲ್ಲಿ ನಂದಾದೀಪ ಬೆಳಗುತ್ತದೆ. ಇದೇ ಘಟಸ್ಥಾಪನೆ, ಮನೆಮಾತಿನಲ್ಲಿ ‘ಘಟ ಕೂಡಿಸುವುದು’. ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಓಣಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ದೇವಿಯನ್ನು ಹಲವು ಹೆಸರುಗಳಿಂದ ಕರೆಯುತ್ತಾರೆ. ಘಟ ಮಾತ್ರ ಎಲ್ಲರಿಗೂ ಒಂದೇ.

ಈ ಪೂಜೆಗೆ ಮೂರ್ತಿಯೇ ಬೇಕೆಂಬ ನಿಯಮವಿಲ್ಲ. ಮುಖವಿಲ್ಲದ, ಕೈಕಾಲುಗಳಿಲ್ಲದ, ಹೊಟ್ಟೆಯೊಂದೇ ಇರುವ ಗಡಿಗೆಯೇ ಇಲ್ಲಿ ದೇವಿ. ಜಗತ್ತನ್ನು ಹೆತ್ತವಳನ್ನು ನೆನೆಯಲು ಮಡಕೆಯ ಉಬ್ಬಿದ ಒಡಲಿಗಿಂತ ಸರಳವಾದ ಸಂಕೇತವು ಇನ್ನಾವುದಿದ್ದೀತು? ದೇವಾಲಯದ ಒಳಗಣ ಕತ್ತಲೆಯ ಕೋಣೆಯನ್ನು ‘ಗರ್ಭಗುಡಿ’ಯೆಂದು ಕರೆದ ಜನರೇ ಮನೆಯೊಳಗೆ ಈ ಚಿಕ್ಕ ಗರ್ಭವನ್ನೂ ಕೂಡಿಸಿದರು.

ಗಡಿಗೆಯ ಗುಟ್ಟು

ಘಟದ ರಚನೆಯನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಹಿಂದಿನ ಜಾಣ್ಮೆ ಕಾಣುತ್ತದೆ. ಸುಟ್ಟ ಮಣ್ಣಿನ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಂಟು. ಒಳಗಿನ ನೀರು ಅವುಗಳ ಮೂಲಕ ಸದಾ ಜಿನುಗುತ್ತ, ಸುತ್ತಲಿನ ಮಣ್ಣನ್ನು ಹದವಾಗಿ ತೇವಗೊಳಿಸುತ್ತದೆ. ತಾಯಿಯ ಒಡಲು ಕೂಸಿಗೆ ಅದರ ಅರಿವಿಲ್ಲದೆಯೇ ಆಹಾರವನ್ನು ಒದಗಿಸುವ ರೀತಿಯೂ ಹೀಗೆಯೇ. ಕಾಳು ನೀರನ್ನು ಹೀರಿ ಉಬ್ಬುತ್ತದೆ. ಅದರೊಳಗೆ ಕೂಡಿಟ್ಟ ಪಿಷ್ಟವು ಕರಗಿ ಸಕ್ಕರೆಯಾಗುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ, ಅನಂತರ ಕುಡಿ ಮೇಲೇಳುತ್ತದೆ. ದೇವರ ಮನೆಯ ಮಂದ ಬೆಳಕಿನಲ್ಲಿ ಹಸುರು ಪೂರ್ಣವಾಗಿ ಮೂಡದೆ ಸಸಿಗಳು ಎಳೆಹಳದಿಯಾಗಿ ನೀಳವಾಗುತ್ತವೆ. ಒಂಬತ್ತು ರಾತ್ರಿಗಳು ಮುಗಿಯುವಷ್ಟರಲ್ಲಿ ಗೇಣುದ್ದದ ಪೈರು ತಲೆದೂಗುತ್ತಿರುತ್ತದೆ. ದಸರೆಯ ದಿನ ಆ ಸಸಿಗಳನ್ನು ಹೆಂಗಳೆಯರು ಮುಡಿಗೆ ಏರಿಸುತ್ತಾರೆ. ಗಂಡಸರು ಟೊಪ್ಪಿಗೆಗೆ, ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಹಿಂಗಾರಿನ ಬಿತ್ತನೆಗೆ ಮುಂಚೆ ಮನೆಯ ಬೀಜದ ಸತ್ತ್ವವನ್ನು ಪರೀಕ್ಷಿಸುವ ಉಪಾಯವೂ ಇದರಲ್ಲಿ ಅಡಗಿದೆ. ರೈತನಿಗೆ ಇದು ಬೀಜಪರೀಕ್ಷೆ, ಭಕ್ತನಿಗೆ ಸೃಷ್ಟಿಯ ದರ್ಶನ. ಒಂಬತ್ತು ರಾತ್ರಿಗಳನ್ನು ಒಂಬತ್ತು ತಿಂಗಳುಗಳ ಪ್ರತೀಕವೆಂದು ಹೇಳುವವರೂ ಉಂಟು.

ಕಳಲೆಯ ಉಪಮೆ

ಈ ಭಾವನೆಯು ಕೇವಲ ಜನಪದರ ಕಲ್ಪನೆಯಲ್ಲ. ಪಿಪ್ಪಲಾದ ಋಷಿಯ ಹೆಸರಿನಲ್ಲಿರುವ ‘ಗರ್ಭೋಪನಿಷತ್ತು’ ಶಿಶುವಿನ ಬೆಳವಣಿಗೆಯನ್ನು ಹಂತ ಹಂತವಾಗಿ ವರ್ಣಿಸುತ್ತದೆ. ಒಂದು ರಾತ್ರಿಯಲ್ಲಿ ಕಲಲವೆಂಬ ದ್ರವರೂಪ, ಏಳು ರಾತ್ರಿಗಳಲ್ಲಿ ಗುಳ್ಳೆ, ಅರ್ಧ ತಿಂಗಳಲ್ಲಿ ಪಿಂಡ, ಎರಡು ತಿಂಗಳಲ್ಲಿ ತಲೆ, ಮೂರರಲ್ಲಿ ಪಾದಗಳು, ಐದರಲ್ಲಿ ಬೆನ್ನು, ಆರರಲ್ಲಿ ಮುಖದ ಇಂದ್ರಿಯಗಳು, ಏಳರಲ್ಲಿ ಜೀವದ ಕೂಡುವಿಕೆ ಎಂಬುದು ಅದರ ಕ್ರಮ. ಇಂದಿನ ಶಾಸ್ತ್ರವು ಈ ಲೆಕ್ಕವನ್ನು ಬಹಳಷ್ಟು ತಿದ್ದಿದೆ. ಹೃದಯದ ಮಿಡಿತ ನಾಲ್ಕನೆಯ ವಾರದಲ್ಲಿಯೇ ತೊಡಗುತ್ತದೆ. ಎಂಟು ವಾರಗಳಲ್ಲಿ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ಆದರೂ ರೂಪವಿಲ್ಲದುದು ಕ್ರಮಕ್ರಮವಾಗಿ ರೂಪ ತಳೆಯುತ್ತದೆಂಬ ಮೂಲದೃಷ್ಟಿ ಮಾತ್ರ ಬೆರಗು ಹುಟ್ಟಿಸುವಂಥದು.

ಗರ್ಭದಲ್ಲಿ ಯಾವ ಅಂಗವು ಮೊದಲು ಮೂಡುತ್ತದೆ ಎಂಬ ವಾದವು ಸುಶ್ರುತಸಂಹಿತೆಯಲ್ಲಿ ಬರುತ್ತದೆ. ತಲೆಯೆಂದು ಒಬ್ಬರು, ಹೃದಯವೆಂದು ಒಬ್ಬರು, ಹೊಕ್ಕುಳೆಂದು ಮತ್ತೊಬ್ಬರು. ಧನ್ವಂತರಿಯ ತೀರ್ಪು ಬೇರೆ: ಎಲ್ಲ ಅಂಗಗಳೂ ಒಟ್ಟಿಗೇ ಉಂಟಾಗುತ್ತವೆ; ಬಿದಿರಿನ ಮೊಳಕೆಯಲ್ಲಿ, ಮಾವಿನ ಕಾಯಿಯಲ್ಲಿ ಇರುವಂತೆ ಅತಿಸೂಕ್ಷ್ಮವಾಗಿರುವುದರಿಂದ ಮೊದಲು ಕಾಣುವುದಿಲ್ಲ. ದಾಂಡೇಲಿ, ಜೋಯಿಡಾಗಳ ಜನರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯು 1950ರ ದಶಕದಲ್ಲಿ ತಲೆಯೆತ್ತಿದ್ದು ಈ ಕಾಡುಗಳ ಬಿದಿರನ್ನು ನೆಚ್ಚಿಕೊಂಡು. ಮಳೆಗಾಲದಲ್ಲಿ ಕಳಲೆಯನ್ನು ಹೆಚ್ಚುವ ಗೃಹಿಣಿಗೆ, ಮುಂದೆ ಆಕಾಶಕ್ಕೇರುವ ಬಿದಿರಿನ ಗೆಣ್ಣುಗಳೆಲ್ಲ ಆ ಎಳೆಯ ಮೊಳಕೆಯಲ್ಲಿ ಒತ್ತಾಗಿ ಮಡಿಚಿಕೊಂಡಿರುವುದು ಕಣ್ಣಾರೆ ಕಾಣುತ್ತದೆ.

ಮುಂಡಗೋಡದ ನೆರೆಯವರು

ಇದೇ ಚಿಂತನೆ ಹಿಮಾಲಯದ ಆಚೆಗೂ ಬೆಳೆಯಿತು. ಮುಂಡಗೋಡದ ಬಳಿ 1966ರಲ್ಲಿ ನೆಲೆಯಾದ ಟಿಬೆಟನ್ನರು ತಾರಾದೇವಿಯನ್ನು ತಾಯಿಯೆಂದು ಆರಾಧಿಸುವವರು. ಆಯುರ್ವೇದದಿಂದ ಬಹಳಷ್ಟನ್ನು ಪಡೆದಿರುವ ಅವರ ವೈದ್ಯಪರಂಪರೆಗಾಗಿ 17ನೆಯ ಶತಮಾನದ ಕೊನೆಯಲ್ಲಿ ಲಾಸಾ ನಗರದಲ್ಲಿ ಚಿತ್ರಪಟಗಳ ಮಾಲೆಯೊಂದು ಸಿದ್ಧವಾಯಿತು. ಗರ್ಭದ ವಾರವಾರದ ಬೆಳವಣಿಗೆಯನ್ನು ತೋರಿಸುವ ಪಟದಲ್ಲಿ ಶಿಶುವು ಮೀನು, ಆಮೆ, ಹಂದಿ ಎಂಬ ಮೂರು ಅವಸ್ಥೆಗಳನ್ನು ದಾಟುತ್ತದೆ. ಮತ್ಸ್ಯ, ಕೂರ್ಮ, ವರಾಹಗಳನ್ನು ಬಲ್ಲ ಕನ್ನಡಿಗನಿಗೆ ಈ ಸರಣಿ ಅಪರಿಚಿತವೆನಿಸದು. ಶಿಶುವು ನಿಜವಾಗಿ ಮೀನೂ ಅಲ್ಲ, ಆಮೆಯೂ ಅಲ್ಲ. ಇದು ಆಕಾರದ ಹೋಲಿಕೆ ಮಾತ್ರ. ಆದರೆ ಒಂದು ಒಡಲಿನ ಕಥೆಯಲ್ಲಿ ಇಡಿಯ ಸೃಷ್ಟಿಯ ಕಥೆಯನ್ನು ಕಾಣುವ ಹಂಬಲ ಎರಡೂ ಕಡೆ ಒಂದೇ ಆಗಿದೆ.

ಕರ್ನಾಟಕದ ಶಿಲ್ಪಿಗಳೂ ಇದನ್ನು ಕಲ್ಲಿನಲ್ಲಿ ನುಡಿದಿದ್ದಾರೆ. ಬಾದಾಮಿಯ ಸಮೀಪದ ನಾಗನಾಥಕೊಳ್ಳದಲ್ಲಿ ದೊರೆತು, ಇಂದು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಚಾಲುಕ್ಯರ ಕಾಲದ ಲಜ್ಜಾಗೌರಿಗೆ ತಲೆಯ ಬದಲು ಅರಳಿದ ತಾವರೆಯಿದೆ. ಭಂಗಿಯು ಹೆರಿಗೆಯ ತಾಯಿಯದು. ಸಂತಾನವನ್ನು ಬಯಸಿದ ಹೆಣ್ಣುಮಕ್ಕಳು ಇಂಥ ಮೂರ್ತಿಗಳಿಗೆ ನಡೆದುಕೊಳ್ಳುತ್ತಿದ್ದರು. ಗಡಿಗೆಯ ಬಾಯಿಗೆ ಎಲೆಗಳನ್ನಿಡುವ ಗೃಹಿಣಿಯೂ ತಾವರೆಯನ್ನು ತಲೆಯಾಗಿಸಿದ ಶಿಲ್ಪಿಯೂ ಒಂದೇ ಭಾವವನ್ನು ಎರಡು ಬಗೆಯಲ್ಲಿ ತೋರಿದವರು: ಒಡಲಿನಿಂದ ಚಿಗುರು ಹೊಮ್ಮುತ್ತದೆ.

ಭೂಮಿಗೂ ಬಯಕೆ

ನವರಾತ್ರಿ ಮುಗಿದು ಆರು ದಿನಗಳೊಳಗೆ ಶೀಗಿ ಹುಣ್ಣಿಮೆ ಬರುತ್ತದೆ. ಮಲೆನಾಡಿನ ಕಡೆ ಇದೇ ಭೂಮಿ ಹುಣ್ಣಿಮೆ. ಆಗ ಬತ್ತದ ಗದ್ದೆಗಳು ಹೊಡೆ ತುಂಬಿ ನಿಂತಿರುತ್ತವೆ. ಭೂತಾಯಿ ಬಸುರಿಯೆಂಬುದು ರೈತರ ನಂಬಿಕೆ. ಹಲವು ಬಗೆಯ ಅಡಿಗೆಯನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೈರನ್ನು ಪೂಜಿಸಿ, ಚರಗ ಚೆಲ್ಲಿ ಬರುತ್ತಾರೆ. ಮನೆಯ ಮಗಳಿಗೆ ಮಾಡುವ ಕುಬಸದಂತೆಯೇ ಇದು ಮಣ್ಣಿಗೆ ಮಾಡುವ ಸೀಮಂತ. ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ಸುಶ್ರುತನು ‘ದೌಹೃದಿನಿ’, ಎಂದರೆ ಎರಡು ಹೃದಯಗಳುಳ್ಳವಳು ಎಂದು ಕರೆದು, ಅವಳ ಬಯಕೆಯನ್ನು ಕಡೆಗಣಿಸಬಾರದೆಂದು ವಿಧಿಸಿದ್ದಾನೆ. ಪೂಜೆಯ ಮೊದಲ ಪಾಠವು ಇಲ್ಲಿದೆ: ಗರ್ಭವನ್ನು ಪೂಜಿಸುವ ಮನೆಯಲ್ಲಿ ಗರ್ಭಿಣಿಯು ಹಸಿದು ಮಲಗಬಾರದು, ಎಲ್ಲರ ಊಟದ ಬಳಿಕ ಉಳಿದುದನ್ನು ಉಣ್ಣುವವಳು ಅವಳಾಗಬಾರದು.

ಇನ್ನೊಂದು ಪಾಠವು ಇದಕ್ಕಿಂತ ಕಠಿನವಾದುದು. ಘಟದ ಪೈರು ಸೊಂಪಾಗಿ ಬಂದರೆ ಶುಭ, ಬಾರದಿದ್ದರೆ ಅಶುಭವೆಂಬ ಭಾವನೆಯು ಬಹಳ ಮನೆಗಳಲ್ಲಿದೆ. ಹಳೆಯ ಕಾಳಾಗಿರಬಹುದು, ಮಣ್ಣಿಗೆ ನೀರು ಹೆಚ್ಚಾಗಿ ಬೀಜ ಕೊಳೆತಿರಬಹುದು. ಕಾರಣವನ್ನು ಮಾತ್ರ ಯಾವಳೋ ಒಬ್ಬಳ ‘ಕೈಗುಣ’ದಲ್ಲಿ ಹುಡುಕುವುದುಂಟು. ಮಕ್ಕಳಾಗದ ಸೊಸೆಯ ಮೇಲೆ ಬೀಳುವ ಮಾತಿನ ಹೊಡೆತವೂ ಇದೇ ಬಗೆಯದು. ದೇವಿಗೆ ಉಡಿ ತುಂಬುವ ಸಂಭ್ರಮದಲ್ಲಿ ಬಂಜೆಯೆನಿಸಿಕೊಂಡವಳು, ಗಂಡನನ್ನು ಕಳೆದುಕೊಂಡವಳು ಕಂಬದ ಮರೆಗೆ ಸರಿದು ನಿಲ್ಲಬೇಕಾದ ದೃಶ್ಯವು ಇನ್ನೂ ಪೂರ್ಣವಾಗಿ ಮರೆಯಾಗಿಲ್ಲ.

ಇದಕ್ಕೆ ಆಧಾರವಾಗಿ ಹೇಳುವ ಮಾತು, ಗಂಡು ಬೀಜ, ಹೆಣ್ಣು ಕ್ಷೇತ್ರ ಎಂಬುದು. ಬೀಜ ಒಳ್ಳೆಯದೆಂದು ಮೊದಲೇ ತೀರ್ಮಾನಿಸಿಬಿಟ್ಟರೆ ದೋಷವೆಲ್ಲ ನೆಲದ ಪಾಲಿಗೆ ಬರುವುದು ಸಹಜವೇ ಸರಿ. ಆದರೆ ಘಟವು ಈ ಮಾತನ್ನು ಒಪ್ಪುವುದಿಲ್ಲ. ಮಣ್ಣಿಗೆ ಬೀಳುವ ಜೋಳದ ಕಾಳು ತಂದೆಯಲ್ಲ, ಅದಾಗಲೇ ಕೂಸು. ಪರಾಗವೂ ಅಂಡವೂ ತೆನೆಯಲ್ಲಿ ಕೂಡಿದ ಬಳಿಕ ಹುಟ್ಟಿದ ಭ್ರೂಣವು ಅದರೊಳಗೆ ನಿದ್ರಿಸುತ್ತಿದೆ. ಸ್ತನಿಗಳಲ್ಲಿ ತಾಯಿಯ ಅಂಡವಿದೆಯೆಂಬುದನ್ನು ವಾನ್ ಬೇರ್ ಎಂಬ ವಿಜ್ಞಾನಿ 1827ರಲ್ಲಿ ಕಂಡು ಪ್ರಕಟಿಸಿದನು. ಶಿಶುವಿಗೆ ತಂದೆಯಿಂದ 23, ತಾಯಿಯಿಂದ 23 ವರ್ಣತಂತುಗಳು ಬರುತ್ತವೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಅಷ್ಟೇಕೆ, ಚರಕಸಂಹಿತೆಯೇ ಗರ್ಭದಲ್ಲಿ ತಾಯಿಯಿಂದ ಬಂದುದಿಷ್ಟು, ತಂದೆಯಿಂದ ಬಂದುದಿಷ್ಟು ಎಂದು ಪಟ್ಟಿ ಮಾಡಿದೆ. ರಕ್ತ, ಮಾಂಸ, ಹೃದಯಗಳನ್ನು ತಾಯಿಯ ಪಾಲಿಗೆ ಬರೆದಿದೆ. ಮಕ್ಕಳಾಗದಿರುವುದಕ್ಕೆ ಕಾರಣವು ಗಂಡಿನಲ್ಲಿಯೂ ಇರಬಹುದೆಂಬುದು ವೈದ್ಯರೆಲ್ಲರೂ ಹೇಳುವ ಮಾತು. ಹೀಗಿರುವಾಗ ಹೆಣ್ಣೊಬ್ಬಳನ್ನೇ ನಿಂದಿಸಲು ಶಾಸ್ತ್ರದ ಬೆಂಬಲವೂ ಇಲ್ಲ, ವಿಜ್ಞಾನದ ಬೆಂಬಲವೂ ಇಲ್ಲ.

ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ದಾಂಡೇಲಿಯನ್ನು ದಾಟಿ, ಕಾರವಾರದ ಬಳಿ ಕಡಲನ್ನು ಸೇರುವ ನದಿಗೆ ದೇವಿಯ ಹೆಸರೇ ಇದೆ. ಕಾಳಿಯ ನೀರು ತನ್ನ ದಡದಲ್ಲಿ ಹೆತ್ತವಳಾರು, ಹೆರದವಳಾರು ಎಂದು ಕೇಳಿ ಹರಿಯುವುದಿಲ್ಲ. ಹೆರುವವಳು ಜಗನ್ಮಾತೆಯಾದರೆ ಅವಳ ಮುಂದೆ ಎಲ್ಲ ಹೆಣ್ಣುಮಕ್ಕಳೂ ಅವಳ ಕೂಸುಗಳೇ. ಉಡಿ ತುಂಬಿಸಿಕೊಳ್ಳುವ ಹಕ್ಕು ಎಲ್ಲರದು. ಮುಂದಿನ ಪಾಡ್ಯದಂದು ಘಟ ಕೂಡಿಸುವಾಗ, ಈವರೆಗೆ ಕಂಬದ ಮರೆಯಲ್ಲಿ ನಿಂತವಳ ಕೈಯಿಂದಲೇ ಮೊದಲ ಹಿಡಿ ಕಾಳನ್ನು ಬಿತ್ತಿಸುವ ಮನೆಯಲ್ಲಿ ಪೈರೂ ಏಳುವುದು, ದೇವಿಯೂ ನೆಲೆಸುವಳು.