ಪತ್ತನಾಜೆಯ ಹತ್ತು ಹನಿ, ನಾಗಪುರದ ನೌತಪಾ

ಬೇಸಿಗೆ ಮದುವೆಯ ಆರ್ಡರ್ ಹಿಡಿಯುವಾಗ ಪಾರ್ಟಿಯವರು ಗಾದೆ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಈ ಗಾದೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆ ಎಂಬುದು ಊರಿನ ಮಾತು. ಹೋಳಿ ಸುಟ್ಟಿತು, ಚಳಿ ಓಡಿತು ಎಂಬುದು ಇಲ್ಲಿನ ಮರಾಠಿ ಮಾತು. ಎರಡೂ ಒಟ್ಟಾರೆ ಸರಿ. ಆದರೆ ಈ ಹಬ್ಬಗಳು ಚಂದ್ರನ ತಿಥಿಯವು. ಶಿವರಾತ್ರಿ 2024ರಲ್ಲಿ ಮಾರ್ಚ್ 8ಕ್ಕೆ ಬಂತು, 2026ರಲ್ಲಿ ಫೆಬ್ರವರಿ 15ಕ್ಕೆ. ಮೂರು ವಾರದ ವ್ಯತ್ಯಾಸ! ಬಿಸಿಲು ತಿಥಿ ನೋಡಿ ಬರುವುದಿಲ್ಲ. 2014ರಲ್ಲಿ ಶಿವರಾತ್ರಿ ಮುಗಿದ ಮೇಲೂ, ಮಾರ್ಚ್ ತಿಂಗಳಲ್ಲಿ, ವಿದರ್ಭದಲ್ಲಿ ಆಲಿಕಲ್ಲು ಸುರಿದು ಬೆಳೆ ಹಾಳಾಯಿತು.

ಸೂರ್ಯನ ಲೆಕ್ಕದ ಮಾತುಗಳಿಗೆ ತಾರೀಖು ಗಟ್ಟಿ. ತುಳುನಾಡಿನ ಪತ್ತನಾಜೆ ಮೇ 24ರ ಸುಮಾರಿಗೆ ಬರುತ್ತದೆ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಮರುದಿನವೇ ಸೂರ್ಯ ರೋಹಿಣಿಗೆ ಬಂದು ನಾಗಪುರದಲ್ಲಿ ನೌತಪಾ, ಅಂದರೆ ಒಂಬತ್ತು ದಿನದ ಕಡು ಬೇಸಿಗೆ, ಶುರು. ಸೂರ್ಯ ಒಬ್ಬನೇ. ಕರಾವಳಿಗೆ ಜೂನ್ ಮೊದಲ ವಾರ ಮುಂಗಾರು ತಲುಪಿದರೆ ಇಲ್ಲಿಗೆ ಜೂನ್ ಮಧ್ಯ ಆಗುತ್ತದೆ. ಆದ್ದರಿಂದ ಊರಿನ ಗಾದೆ ಊರಿಗೇ ಸರಿ, ನಾಗಪುರದ ಪೆಂಡಾಲಿಗಲ್ಲ.

ನೌತಪಾ ಚೆನ್ನಾಗಿ ಕಾದರೆ ಮಳೆ ಚೆನ್ನಾಗಿ ಆಗುತ್ತದೆ ಎಂದೂ ಹೇಳುತ್ತಾರೆ. ನೆಲ ಕಾದರೆ ಸಮುದ್ರದ ಗಾಳಿ ಒಳಗೆ ಬರುತ್ತದೆ, ಅಷ್ಟು ನಿಜ. 2013ರ ಮೇ 23ರಂದು ನಾಗಪುರದಲ್ಲಿ 47.9 ಡಿಗ್ರಿ ಇತ್ತು, ಆ ವರ್ಷ ವಿದರ್ಭದಲ್ಲಿ ಮಳೆಯೂ ಜೋರಾಗಿಯೇ ಬಂತು. ಆದರೆ 2015ರ ಮೇ ಕೊನೆಯ ಬಿಸಿಲಿಗೆ ಆಂಧ್ರ, ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇ. 14 ಕಡಿಮೆ. ದೂರದ ಪೆಸಿಫಿಕ್ ಸಾಗರ ಕಾಯುವ ಎಲ್ ನಿನೋ ಮಳೆಯನ್ನು ತಡೆದಿತ್ತು. ಅದು ಯಾವ ಗಾದೆಯಲ್ಲೂ ಇಲ್ಲ.

ನಮಗೆ ಇದರಿಂದ ಏನು? ಗಾದೆ ಋತುವನ್ನು ಹೇಳುತ್ತದೆ, ದಿನವನ್ನಲ್ಲ. ಆರ್ಡರ್ ಹಿಡಿಯುವಾಗ ಗಾದೆ ನೆನಪಿರಲಿ, ಕೆಲಸದ ಹಿಂದಿನ ದಿನ ನಾಗಪುರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ. ಜನವರಿಯಲ್ಲಿ ರಾತ್ರಿಯೆಲ್ಲ ಉಬ್ಬದ ಇಡ್ಲಿ ಹಿಟ್ಟು ಮೇ ತಿಂಗಳಲ್ಲಿ ನಾಲ್ಕೈದು ತಾಸಿಗೇ ಹುಳಿ ಬರುತ್ತದೆ. ಕಾಯಿ ಚಟ್ನಿಯನ್ನು ಸ್ವಲ್ಪ ಸ್ವಲ್ಪವೇ ರುಬ್ಬಿಸಿ. ಶಾಖದ ಅಲೆಯ ಎಚ್ಚರಿಕೆ ಇದ್ದರೆ ಭಟ್ಟಿ ಕೆಲಸ ಬೆಳಗಿನ ಜಾವವೇ ಮುಗಿಯಲಿ, ಹುಡುಗರಿಗೆ ನೆರಳು, ಉಪ್ಪು ಹಾಕಿದ ಮಜ್ಜಿಗೆ ಇರಲಿ. ಅಡುಗೆ ಕೆಟ್ಟರೆ ಇನ್ನೊಮ್ಮೆ ಮಾಡಬಹುದು. ಭಟ್ಟಿಯ ಮುಂದೆ ಬಿಸಿಲು ಬಡಿದು ಬಿದ್ದವನ ಮನೆಗೆ ನಾವು ಯಾವ ಗಾದೆ ಹೇಳಲು ಸಾಧ್ಯ?